ಜರ್ಮನಿಯಲ್ಲಿ ನರ್ಸ್ ಮಾನ್ಯತೆ ಪರೀಕ್ಷೆ: ತಯಾರಿಗೆ ಸರ್ಕಾರದ ದುಡ್ಡು ಸಿಗುವುದು ಹೇಗೆ, ಕೈತಪ್ಪುವುದು ಎಲ್ಲಿ

ಕರ್ನಾಟಕದಲ್ಲಿ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ಜರ್ಮನಿಗೆ ಬಂದವರು ಅಲ್ಲಿ ಪೂರ್ಣ ಪ್ರಮಾಣದ ನರ್ಸ್ ಆಗಬೇಕಾದರೆ ಅಲ್ಲಿನ ರಾಜ್ಯ ಸರ್ಕಾರದ ಮಾನ್ಯತೆ ಪಡೆಯಬೇಕು. ಬಹುಪಾಲು ಜನರಿಗೆ ಅದು ಅರ್ಜಿ ಹಾಕಿದ ಕೂಡಲೇ ಸಿಗುವುದಿಲ್ಲ. ನಡುವೆ ಒಂದು ಪರೀಕ್ಷೆ ಅಥವಾ ಒಂದು ಪೂರಕ ತರಬೇತಿ ಬರುತ್ತದೆ. ಪರೀಕ್ಷೆಗೆ ತಯಾರು ಮಾಡುವ ಕೋರ್ಸಿಗೆ ಕೆಲವು ಸಾವಿರ ಯೂರೋ ಬೇಕು. ಈ ದುಡ್ಡನ್ನು ಕೈಯಿಂದ ಕಟ್ಟಿದವರಿದ್ದಾರೆ, ಊರಲ್ಲಿ ಸಾಲ ಮಾಡಿ ಕಟ್ಟಿದವರಿದ್ದಾರೆ, ಆಸ್ಪತ್ರೆಯಿಂದ ಕಟ್ಟಿಸಿಕೊಂಡು ಮೂರು ವರ್ಷ ಅಲ್ಲೇ ದುಡಿಯುತ್ತೇನೆ ಎಂಬ ಬಾಂಡಿಗೆ ಸಹಿ ಹಾಕಿದವರಿದ್ದಾರೆ. ಅವರಲ್ಲಿ ಹಲವರಿಗೆ ಅದು ಸರ್ಕಾರದಿಂದಲೇ ಸಿಗಬಹುದಿತ್ತು. ಅರ್ಹತೆ ಇದ್ದೂ ಸಿಗದೆ ಹೋಗುವುದಕ್ಕೆ ಮುಖ್ಯ ಕಾರಣ ಒಂದೇ: ಮೊದಲು ಕೋರ್ಸಿಗೆ ಸೇರಿ, ಆಮೇಲೆ ಅರ್ಜಿ ಹಾಕುವುದು. ಜರ್ಮನಿಯ ಸಾರ್ವಜನಿಕ ನೆರವಿನಲ್ಲಿ ಆಗಿಹೋದ ಖರ್ಚಿಗೆ ಜಾಗವಿಲ್ಲ. ಸಹಿ ಹಾಕಿದ ದಿನಾಂಕ ಮಂಜೂರಾತಿಯ ದಿನಾಂಕಕ್ಕಿಂತ ಹಿಂದಿನದಾದರೆ ಕಡತ ಅಲ್ಲಿಗೇ ಮುಚ್ಚುತ್ತದೆ.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಎ1 ಎಂಬ ಆರಂಭದ ಹಂತದಿಂದ ಬಿ1 ಎಂಬ ನಡು ಹಂತದವರೆಗೆ ಜರ್ಮನ್ ಕಲಿಯಲು ಕೊಟ್ಟ ಶುಲ್ಕಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ಅಲ್ಲಿಗೆ ಹೋದ ಮೇಲೆ ಯಾವ ಕಚೇರಿಯೂ ಹಿಂದಿರುಗಿಸುವುದಿಲ್ಲ. ಉದ್ಯೋಗ ಕೊಡುವ ಸಂಸ್ಥೆ ಭರಿಸುತ್ತದೆಯೇ ಎಂಬುದನ್ನು ಊರಲ್ಲಿರುವಾಗಲೇ ಕರಾರಿನಲ್ಲಿ ಬರೆಸಿಕೊಳ್ಳಬೇಕು.

ಎಲ್ಲಕ್ಕೂ ಮೊದಲು ಬೇಕಾದ ಕಾಗದ

ದುಡ್ಡು ಕೊಡುವ ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಮಾನ್ಯತೆ ಪ್ರಾಧಿಕಾರದ ಲಿಖಿತ ತೀರ್ಪನ್ನು. ನರ್ಸುಗಳ ಬಾಯಲ್ಲಿ ಅದು ಡೆಫಿಟ್ಸಿಟ್‌ಬೆಶೈಡ್, ಅಂದರೆ ನಿಮ್ಮ ಓದಿನಲ್ಲಿ ಏನೇನು ಕೊರತೆ ಇದೆ ಎಂದು ಹೇಳುವ ಪತ್ರ. ಜರ್ಮನಿಯ ನರ್ಸಿಂಗ್ ತರಬೇತಿ ಮೂರು ವರ್ಷದ್ದು: 2,100 ಗಂಟೆ ತರಗತಿ, 2,500 ಗಂಟೆ ಪ್ರಾಯೋಗಿಕ. ಪ್ರಾಧಿಕಾರ ನಿಮ್ಮ ಗಂಟೆಗಳನ್ನು ಇದರ ಪಕ್ಕದಲ್ಲಿಟ್ಟು ನೋಡುತ್ತದೆ. ನಮ್ಮ ಕಡೆಯಿಂದ ಹೋದವರಿಗೆ ಸಾಮಾನ್ಯವಾಗಿ ಕೊರತೆ ಎಂದು ಬರುವ ವಿಷಯಗಳು ವೃದ್ಧರ ಆರೈಕೆ, ರೋಗಿಯ ಮನೆಗೆ ಹೋಗಿ ಮಾಡುವ ಆರೈಕೆ ಮತ್ತು ಪುನರ್ವಸತಿ.

ಇಲ್ಲಿ ನಿಜವಾಗಿ ಕೆಲಸ ಮಾಡುವುದು ಟ್ರಾನ್ಸ್‌ಕ್ರಿಪ್ಟ್. ಬರೀ ಅಂಕಪಟ್ಟಿ ಸಾಲದು. ಪ್ರತಿ ವಿಷಯಕ್ಕೆ ಥಿಯರಿ ಎಷ್ಟು ಗಂಟೆ, ಕ್ಲಿನಿಕಲ್ ಎಷ್ಟು ಗಂಟೆ, ಪೋಸ್ಟಿಂಗ್ ಯಾವ ವಾರ್ಡಿನಲ್ಲಿ ಎಂದು ಬಿಡಿಬಿಡಿಯಾಗಿ ಇರಬೇಕು. ಬಿಎಸ್ಸಿಯವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಜಿಎನ್‌ಎಂನವರಿಗೆ ಡಿಪ್ಲೊಮಾ ಪರೀಕ್ಷಾ ಮಂಡಳಿ ಮತ್ತು ಕಾಲೇಜು, ನೋಂದಣಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್. ಹೀಗೆ ಎರಡು ಮೂರು ಕಡೆ ಓಡಾಡಬೇಕಾಗುತ್ತದೆ. ಕಮ್ಯುನಿಟಿ ಹೆಲ್ತ್ ಪೋಸ್ಟಿಂಗಿನಲ್ಲಿ ಮನೆಮನೆಗೆ ಹೋಗಿದ್ದರೆ ಆ ಗಂಟೆಗಳನ್ನು ಮನೆಭೇಟಿ ಎಂದೇ ಕಾಲೇಜಿನಿಂದ ಸ್ಪಷ್ಟವಾಗಿ ಬರೆಸಿ. ‘ಕಮ್ಯುನಿಟಿ’ ಎಂಬ ಒಂದೇ ಪದ ಇದ್ದರೆ ಜರ್ಮನ್ ಅಧಿಕಾರಿಗೆ ಅದರೊಳಗೆ ಏನಿದೆ ಎಂದು ತಿಳಿಯುವುದಿಲ್ಲ. ಕೆಲಸದ ಅನುಭವ ಕೂಡ ಕೊರತೆಯನ್ನು ತುಂಬುತ್ತದೆ. ಆದರೆ ‘ಸ್ಟಾಫ್ ನರ್ಸ್ ಆಗಿ ದುಡಿದಿದ್ದಾರೆ, ನಡತೆ ಉತ್ತಮ’ ಎಂಬ ಎರಡು ಸಾಲಿನ ಪ್ರಮಾಣಪತ್ರದಿಂದ ಏನೂ ತುಂಬುವುದಿಲ್ಲ. ವಾರ್ಡ್, ಅವಧಿ, ವಾರಕ್ಕೆ ಎಷ್ಟು ಗಂಟೆ, ಏನೇನು ಕೆಲಸ ಎಂಬುದು ಅದರಲ್ಲಿರಬೇಕು. ಇದನ್ನು ಜರ್ಮನಿಯಲ್ಲಿ ಕುಳಿತು ತರಿಸಿಕೊಳ್ಳುವುದು ಬಲು ಕಷ್ಟ. ಹಳೆಯ ಆಸ್ಪತ್ರೆ ಬಿಡುವ ಮುಂಚೆಯೇ ಬರೆಸಿಕೊಂಡವರು ಜಾಣರು.

ಮಾನ್ಯತೆ ರಾಜ್ಯದ ವಿಷಯ, ಹಾಗಾಗಿ ಕಚೇರಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬವೇರಿಯಾದ ಕಡತ ಆಂಬೆರ್ಗ್‌ನಲ್ಲಿರುವ ಆರೈಕೆ ಇಲಾಖೆಗೆ ಹೋಗುತ್ತದೆ. ನಾರ್ಥ್ ರೈನ್-ವೆಸ್ಟ್‌ಫಾಲಿಯಾದ್ದು ಮ್ಯೂನ್‌ಸ್ಟರ್‌ಗೆ. ಇನ್ನೂ ಭಾರತದಲ್ಲೇ ಇರುವವರಿಗೆ ಯಾವ ಕಚೇರಿ, ಯಾವ ಕಾಗದ ಎಂದು ತಿಳಿಸಲು ಬಾನ್ ನಗರದಲ್ಲಿ ವೃತ್ತಿ ಮಾನ್ಯತೆಯ ಕೇಂದ್ರ ಸೇವಾ ಕಚೇರಿ ಇದೆ. ಸಲಹೆಗೆ ಶುಲ್ಕವಿಲ್ಲ. ಆಸ್ಪತ್ರೆಯೇ ಮುಂದೆ ನಿಂತು ನಡೆಸುವ ತ್ವರಿತ ಪ್ರಕ್ರಿಯೆಗೆ 411 ಯೂರೋ ಶುಲ್ಕ. ಅದರಲ್ಲಿ ಕಾಗದ ಪೂರ್ತಿಯಾದ ಮೇಲೆ ಪ್ರಾಧಿಕಾರ ಎರಡು ತಿಂಗಳಲ್ಲಿ ತೀರ್ಮಾನ ಕೊಡಬೇಕು.

2024ರಿಂದ ಇನ್ನೊಂದು ದಾರಿ ತೆರೆದಿದೆ. ಗಂಟೆಗಳ ಹೋಲಿಕೆಯೇ ಬೇಡ, ನೇರವಾಗಿ ಪರೀಕ್ಷೆಗೆ ಅಥವಾ ತರಬೇತಿಗೆ ಹೋಗುತ್ತೇನೆ ಎಂದು ನರ್ಸ್ ಬರೆದುಕೊಡಬಹುದು. ತಿಂಗಳುಗಳು ಉಳಿಯುತ್ತವೆ. ಹೀಗೆ ಮಾಡಿದವರ ಬಳಿ ಕೊರತೆಯ ಪಟ್ಟಿ ಇರುವುದಿಲ್ಲವಾದ್ದರಿಂದ, ಪರೀಕ್ಷೆಗೆ ಅರ್ಹರು ಎಂದು ಪ್ರಾಧಿಕಾರ ಕೊಡುವ ಪತ್ರವನ್ನು ಕೇಳಿ ಪಡೆದು ಇಟ್ಟುಕೊಳ್ಳಬೇಕು. ಉದ್ಯೋಗ ಕಚೇರಿಯಲ್ಲಿ ತೀರ್ಪಿನ ಜಾಗದಲ್ಲಿ ಅದನ್ನೇ ತೋರಿಸಬೇಕಾಗುತ್ತದೆ.

ಪರೀಕ್ಷೆಯೋ ತರಬೇತಿಯೋ

ಕೊರತೆ ತುಂಬಲು ಎರಡು ದಾರಿ, ಆಯ್ಕೆ ನಿಮ್ಮದು. ಆನ್‌ಪಾಸ್ಸುಂಗ್ಸ್‌ಲೇರ್‌ಗಾಂಗ್ ಎಂಬುದು ಕೊರತೆ ಇರುವ ವಿಭಾಗಗಳಲ್ಲಿ ದುಡಿಯುತ್ತಾ ಕಲಿಯುವ ತರಬೇತಿ. ಕೊನೆಗೆ ಒಂದು ಸಮಾರೋಪ ಸಂದರ್ಶನ ಇರುತ್ತದೆ. ಕೆಂಟ್‌ನಿಸ್‌ಪ್ರ್ಯೂಫುಂಗ್ ಎಂಬುದು ಜ್ಞಾನ ಪರೀಕ್ಷೆ. ಮೌಖಿಕ ಭಾಗ 45ರಿಂದ 60 ನಿಮಿಷ. ಪ್ರಾಯೋಗಿಕ ಭಾಗದಲ್ಲಿ ನಿಜವಾದ ರೋಗಿಗಳ ಜೊತೆ ಎರಡರಿಂದ ನಾಲ್ಕು ಆರೈಕೆ ಸನ್ನಿವೇಶಗಳು, ಒಂದೊಂದಕ್ಕೆ 120 ನಿಮಿಷದೊಳಗೆ. ತಪ್ಪಿದ ಭಾಗವನ್ನು ಒಂದು ಸಲ ಮಾತ್ರ ಮತ್ತೆ ಕೊಡಬಹುದು.

ಎರಡೇ ಅವಕಾಶ ಇರುವ ಪರೀಕ್ಷೆಗೆ ತಯಾರಿ ಕೋರ್ಸು ಶೋಕಿಯಲ್ಲ. ಇಂಜೆಕ್ಷನ್, ಐವಿ ಲೈನ್, ಐಸಿಯು ಕೆಲಸದಲ್ಲಿ ನಮ್ಮ ನರ್ಸುಗಳಿಗೆ ಒಳ್ಳೆಯ ಪಳಗಿಕೆ ಇರುತ್ತದೆ. ಪರೀಕ್ಷೆಯಲ್ಲಿ ಅವರು ಎಡವುವುದು ಬೇರೆ ಕಡೆ. ರೋಗಿಗೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವುದು ನಮ್ಮಲ್ಲಿ ಮನೆಯವರ ಅಥವಾ ಆಯಾಳ ಪಾಲಿಗೆ ಹೋಗುತ್ತದೆ. ಜರ್ಮನಿಯಲ್ಲಿ ಅದು ನರ್ಸಿನ ಮೂಲ ಕೆಲಸ. ಅದನ್ನು ಮಾಡುತ್ತಾ ರೋಗಿಯೊಡನೆ ಮಾತಾಡುವುದು, ಯಾಕೆ ಹೀಗೆ ಮಾಡುತ್ತಿದ್ದೇನೆ ಎಂದು ವಿವರಿಸುವುದು, ಆಮೇಲೆ ಆರೈಕೆ ಯೋಜನೆ ಬರೆಯುವುದು, ಇವೆಲ್ಲಕ್ಕೂ ಪರೀಕ್ಷಕರು ಅಂಕ ಇಡುತ್ತಾರೆ. ಹಾಸಿಗೆ ಹುಣ್ಣು ತಡೆಯುವುದು, ಬೀಳದಂತೆ ನೋಡಿಕೊಳ್ಳುವುದು, ನೋವಿನ ನಿರ್ವಹಣೆ ಇಂಥವಕ್ಕೆ ಅಲ್ಲಿ ರಾಷ್ಟ್ರೀಯ ತಜ್ಞ ಮಾನದಂಡಗಳಿವೆ, ಅವನ್ನು ಆಧಾರವಾಗಿಟ್ಟು ಉತ್ತರ ಕೊಡಬೇಕು. ಆದ್ದರಿಂದ ಕೋರ್ಸು ಆರಿಸುವಾಗ ತರಗತಿ ಎಷ್ಟು ಎನ್ನುವುದಕ್ಕಿಂತ ವಾರ್ಡಿನಲ್ಲಿ ಎಷ್ಟು ದಿನ, ಅಣಕು ಪರೀಕ್ಷೆ ಎಷ್ಟು, ಬರೆದ ಆರೈಕೆ ಯೋಜನೆಯನ್ನು ಯಾರಾದರೂ ತಿದ್ದಿಕೊಡುತ್ತಾರೆಯೇ ಎಂದು ಕೇಳಿ. ಬರೀ ಆನ್‌ಲೈನ್ ಉಪನ್ಯಾಸದ ಕೋರ್ಸನ್ನು ಉಚಿತವಾಗಿ ಸಿಕ್ಕರೂ ನಾನು ಶಿಫಾರಸು ಮಾಡುವುದಿಲ್ಲ.

ಒಂದು ಲೆಕ್ಕ ನೋಡಿ. ಮಾನ್ಯತೆ ಸಿಗುವವರೆಗೆ ನರ್ಸ್ ದುಡಿಯುವುದು ಸಹಾಯಕರಾಗಿ. ವೃದ್ಧಾಶ್ರಮ ಮತ್ತು ಮನೆ ಆರೈಕೆ ಕ್ಷೇತ್ರದಲ್ಲಿ 2025ರ ಜುಲೈ 1ರಂದು ಜಾರಿಗೆ ಬಂದ ದರದ ಪ್ರಕಾರ ಸಹಾಯಕರಿಗೆ ಗಂಟೆಗೆ ಕನಿಷ್ಠ ಕೂಲಿ 16.10 ಯೂರೋ, ಮಾನ್ಯತೆ ಪಡೆದ ನರ್ಸಿಗೆ 20.50 ಯೂರೋ. ವ್ಯತ್ಯಾಸ 4.40. ತಿಂಗಳಿಗೆ 160 ಗಂಟೆ ಹಿಡಿದರೆ 704 ಯೂರೋ, ತೆರಿಗೆಗೆ ಮುಂಚೆ. ಮಾನ್ಯತೆ ಆರು ತಿಂಗಳು ತಡವಾದರೆ ನಾಲ್ಕು ಸಾವಿರಕ್ಕೂ ಮಿಗಿಲು ಹೋಯಿತು. ಕೋರ್ಸಿನ ದುಡ್ಡು ಉಳಿಸಲು ಒಂದು ವರ್ಷ ಸಹಾಯಕರಾಗಿ ಕಾಯುವುದು ಲಾಭವಲ್ಲ. ಎರಡು ತಿಂಗಳು ಮುಂಚೆ ಯೋಚಿಸಿ ಸರ್ಕಾರದ ನೆರವಿಗೆ ಅರ್ಜಿ ಹಾಕಿದರೆ ದುಡ್ಡೂ ಉಳಿಯುತ್ತದೆ, ಕಾಲವೂ ಉಳಿಯುತ್ತದೆ.

ಬಿಲ್ಡುಂಗ್ಸ್‌ಗುಟ್‌ಶೈನ್: ತರಬೇತಿ ಚೀಟಿ

ಇದೇ ದೊಡ್ಡ ಹಣ. ಸರ್ಕಾರಿ ಉದ್ಯೋಗ ಕಚೇರಿ, ಅಂದರೆ ಆರ್ಬೈಟ್ಸ್‌ಆಗೆಂಟೂರ್, ಕೊಡುವ ಈ ಚೀಟಿ ನಗದಲ್ಲ. ‘ಈ ವ್ಯಕ್ತಿಗೆ ಈ ಗುರಿಯ ಕೋರ್ಸಿನ ಖರ್ಚನ್ನು ನಾವು ಭರಿಸುತ್ತೇವೆ’ ಎಂಬ ಲಿಖಿತ ಭರವಸೆ ಅದು. ಚೀಟಿ ಹಿಡಿದು ನೀವೇ ಸಂಸ್ಥೆ ಆರಿಸಬಹುದು. ಹಣ ಸಂಸ್ಥೆಗೆ ನೇರ ಹೋಗುತ್ತದೆ. ಕೋರ್ಸಿನ ಶುಲ್ಕದ ಜೊತೆ ಓಡಾಟದ ಖರ್ಚು, ಚಿಕ್ಕ ಮಕ್ಕಳಿದ್ದರೆ ಮಗುವೊಂದಕ್ಕೆ ತಿಂಗಳಿಗೆ 160 ಯೂರೋ ಆರೈಕೆ ಖರ್ಚು, ದೂರದ ಊರಾದರೆ ವಸತಿ ಖರ್ಚು ಕೂಡ ಕೇಳಬಹುದು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಅರ್ಜಿಯಲ್ಲಿ ಆ ಪುಟವನ್ನು ಖಾಲಿ ಬಿಡಬೇಡಿ.

ಚೀಟಿಯಿಂದ ಎಲ್ಲರಿಗಿಂತ ಹೆಚ್ಚು ಲಾಭ ಪಡೆಯಬಹುದಾದ, ಆದರೆ ಇದರ ಬಗ್ಗೆ ಅತಿ ಕಡಿಮೆ ಕೇಳಿರುವ ಗುಂಪೊಂದಿದೆ: ಗಂಡ ಅಥವಾ ಹೆಂಡತಿಯ ಕೆಲಸದ ಮೇಲೆ ಕುಟುಂಬ ವೀಸಾದಲ್ಲಿ ಬಂದ ನರ್ಸುಗಳು. ಸ್ಟುಟ್‌ಗಾರ್ಟ್, ಮ್ಯೂನಿಕ್, ಫ್ರಾಂಕ್‌ಫರ್ಟ್ ಸುತ್ತ ಸಾಫ್ಟ್‌ವೇರ್, ಆಟೊಮೊಬೈಲ್ ಕೆಲಸದಲ್ಲಿರುವ ಕನ್ನಡದ ಕುಟುಂಬಗಳಲ್ಲಿ ಬಿಎಸ್ಸಿ ನರ್ಸಿಂಗ್ ಓದಿ ಮನೆಯಲ್ಲೇ ಉಳಿದ ಹೆಣ್ಣುಮಕ್ಕಳು ಇದ್ದಾರೆ. ಕುಟುಂಬ ವೀಸಾದವರಿಗೆ ಕೆಲಸ ಮಾಡುವ ಪೂರ್ಣ ಹಕ್ಕಿದೆ. ನಿರುದ್ಯೋಗ ಭತ್ಯೆ ಸಿಗಲು ಕಳೆದ 30 ತಿಂಗಳಲ್ಲಿ 12 ತಿಂಗಳ ವಿಮಾ ಕಂತು ಬೇಕು, ಅದು ಇವರಿಗೆ ಇರುವುದಿಲ್ಲ. ಭತ್ಯೆ ಇಲ್ಲದಿದ್ದರೆ ಕಚೇರಿಗೂ ನಮಗೂ ಸಂಬಂಧವಿಲ್ಲ ಎಂದುಕೊಂಡು ಹೆಸರನ್ನೇ ನೋಂದಾಯಿಸುವುದಿಲ್ಲ. ಭತ್ಯೆ ಪಡೆಯದವರೂ ಕೆಲಸ ಹುಡುಕುತ್ತಿರುವವರಾಗಿ ಹೆಸರು ನೋಂದಾಯಿಸಬಹುದು, ಅವರಿಗೂ ಚೀಟಿ ಕೊಡಬಹುದು. ಗಂಡನ ಸಂಬಳ ಎಷ್ಟೇ ಇರಲಿ, ಇಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹೆಜ್ಜೆಗಳು ಹೀಗೆ ಸಾಗುತ್ತವೆ. ಮೊದಲು ನೋಂದಣಿ, ಆಮೇಲೆ ಸಲಹೆಗಾರರ ಜೊತೆ ಭೇಟಿ. ಈ ಭೇಟಿ ಇಲ್ಲದೆ ಚೀಟಿ ಇಲ್ಲ. ಭೇಟಿಗೆ ಒಯ್ಯಬೇಕಾದ್ದು ಮಾನ್ಯತೆ ಪ್ರಾಧಿಕಾರದ ತೀರ್ಪು, ಜರ್ಮನ್ ಭಾಷಾ ಪ್ರಮಾಣಪತ್ರ, ವಾಸದ ಪರವಾನಗಿ, ಬಯೋಡೇಟಾ, ಮತ್ತು ಎರಡು ಮೂರು ಸಂಸ್ಥೆಗಳಿಂದ ಪಡೆದ ಕೋರ್ಸಿನ ವಿವರ ಪತ್ರ. ವಿವರ ಪತ್ರದಲ್ಲಿ ಕೋರ್ಸಿನ ಸರ್ಕಾರಿ ಸಂಖ್ಯೆ, ಮಾಸ್‌ನಾಮೆನುಮ್ಮರ್, ಇದ್ದೇ ಇರಬೇಕು. ಅದು ಇಲ್ಲವೆಂದರೆ ಆ ಕೋರ್ಸಿಗೆ ಎ.ಝಡ್.ಎ.ವಿ ಎಂಬ ನಿಯಮದ ಪ್ರಮಾಣೀಕರಣ ಇಲ್ಲ ಎಂದರ್ಥ, ಚೀಟಿ ಅಲ್ಲಿ ನಡೆಯುವುದಿಲ್ಲ. ಸಂಸ್ಥೆಗೆ ಪ್ರಮಾಣೀಕರಣ ಇದ್ದು ಆ ಒಂದು ಕೋರ್ಸಿಗೆ ಇಲ್ಲದಿರುವುದೂ ಉಂಟು. ‘ನಾವು ಸರ್ಟಿಫೈಡ್’ ಎಂಬ ಬಾಯಿಮಾತಿಗೆ ಸುಮ್ಮನಾಗದೆ ಸಂಖ್ಯೆ ಕೇಳಿ.

ಚೀಟಿಯಲ್ಲಿ ಗುರಿ, ಅವಧಿ, ಪ್ರದೇಶ ಮತ್ತು ಚಾಲ್ತಿಯ ಕೊನೆಯ ದಿನ ಬರೆದಿರುತ್ತಾರೆ. ಚಾಲ್ತಿ ಹೆಚ್ಚೆಂದರೆ ಮೂರು ತಿಂಗಳು. ಎಡವಟ್ಟಾಗುವುದು ಇಲ್ಲೇ. ಸಾಕಷ್ಟು ಮಂದಿ ಸೇರಲಿಲ್ಲವೆಂದು ಸಂಸ್ಥೆ ಕೋರ್ಸನ್ನು ಮುಂದೂಡುತ್ತದೆ, ಅಷ್ಟರಲ್ಲಿ ಚೀಟಿ ಸತ್ತಿರುತ್ತದೆ. ದಿನ ಮುಂದೆ ಹೋಗುತ್ತಿದೆ ಎಂದು ತಿಳಿದ ದಿನವೇ ಕಚೇರಿಗೆ ಬರೆದು ಹೊಸ ಚೀಟಿ ಕೇಳಬೇಕು. ಪ್ರದೇಶದ ಮಿತಿಯನ್ನೂ ನೋಡಿ: ಪಕ್ಕದ ರಾಜ್ಯದ ಕೋರ್ಸು ಬೇಕೆಂದರೆ ಚೀಟಿ ಬರೆಯುವಾಗಲೇ ಹೇಳಬೇಕು.

ಚೀಟಿ ಕೊಡುವುದು ಬಿಡುವುದು ಬಹುತೇಕ ಸಲಹೆಗಾರರ ವಿವೇಚನೆ. ‘ನಿಮ್ಮ ಜರ್ಮನ್ ಸಾಲದು’ ಎಂಬುದು ಮಾಮೂಲಿ ನಿರಾಕರಣೆ, ಅದು ಎಷ್ಟೋ ಸಲ ಸರಿಯೂ ಹೌದು, ಏಕೆಂದರೆ ನರ್ಸ್ ಮಾನ್ಯತೆಗೆ ಬಿ1ರ ಮುಂದಿನ ಹಂತವಾದ ಬಿ2 ಬೇಕು, ಬಿ1ರಲ್ಲಿ ಕೋರ್ಸಿಗೆ ಕೂತರೆ ಪಾಠ ತಲೆಗೆ ಹತ್ತುವುದಿಲ್ಲ. ‘ಸಹಾಯಕಿಯಾಗಿ ಈಗಲೇ ಕೆಲಸ ಸಿಗುತ್ತದಲ್ಲ’ ಎಂಬುದು ಇನ್ನೊಂದು. ಅದಕ್ಕೆ ತಯಾರಾಗಿ ಹೋಗಿ: ಮಾನ್ಯತೆ ಸಿಕ್ಕರೆ ನೇಮಿಸುತ್ತೇವೆ ಎಂದು ಯಾವುದಾದರೂ ಆಸ್ಪತ್ರೆಯಿಂದ ಒಂದು ಪತ್ರ ಇದ್ದರೆ ಮಾತು ಬೇರೆಯಾಗುತ್ತದೆ. ಬಾಯಲ್ಲಿ ಇಲ್ಲ ಎಂದರೆ ಲಿಖಿತ ತೀರ್ಮಾನ ಕೊಡಿ ಎಂದು ಸೌಜನ್ಯದಿಂದಲೇ ಕೇಳಬೇಕು. ಲಿಖಿತವಾಗಿ ಬಂದರೆ ಒಂದು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸುವ ಹಕ್ಕಿದೆ. ಬಾಯಿಮಾತಿನ ನಿರಾಕರಣೆಯ ಮೇಲೆ ಮೇಲ್ಮನವಿ ಹಾಕುವುದು ಹೇಗೆ?

ಈಗಾಗಲೇ ಆಸ್ಪತ್ರೆಯಲ್ಲಿ ದುಡಿಯುತ್ತಿದ್ದರೆ

ಸಹಾಯಕರಾಗಿ ನೇಮಕವಾಗಿ ಬಂದವರಿಗೆ ದಾರಿ ಬೇರೆ. ಅವರು ಉದ್ಯೋಗಿಗಳು, ಹಾಗಾಗಿ ನೆರವು ಆಸ್ಪತ್ರೆಯ ಜೊತೆಗೂಡಿ ಸಿಗುತ್ತದೆ, ಅರ್ಜಿಗೆ ಆಸ್ಪತ್ರೆಯ ಸಹಿ ಬೇಕು. ಕೋರ್ಸು 120 ಗಂಟೆಗಿಂತ ಹೆಚ್ಚಿನದಾಗಿರಬೇಕು. 50ಕ್ಕಿಂತ ಕಡಿಮೆ ಸಿಬ್ಬಂದಿ ಇರುವ ಸಂಸ್ಥೆಯಾದರೆ ಕೋರ್ಸಿನ ಪೂರ್ತಿ ಶುಲ್ಕ ಸರ್ಕಾರದ್ದು. 50ರಿಂದ 499 ಇದ್ದರೆ ಅರ್ಧ. 500 ಅಥವಾ ಅದಕ್ಕೂ ಮೇಲಾದರೆ ಕಾಲುಭಾಗ. ಉಳಿದದ್ದು ಆಸ್ಪತ್ರೆಯ ಪಾಲು, ನರ್ಸಿನದಲ್ಲ. ಕೋರ್ಸಿಗೆ ಹೋದ ಗಂಟೆಗಳ ಸಂಬಳದಲ್ಲೂ ಸರ್ಕಾರ ಪಾಲು ಕೊಡುತ್ತದೆ: ಇದೇ ಮೂರು ಗಾತ್ರಕ್ಕೆ ಶೇ. 75, 50, 25ರವರೆಗೆ. ಮಾನ್ಯತೆ ಇಲ್ಲದ ಪದವಿ ಇರುವವರನ್ನು ಕಚೇರಿ ‘ಬಳಕೆಗೆ ಬರುವ ವೃತ್ತಿ ಅರ್ಹತೆ ಇಲ್ಲದವರು’ ಎಂಬ ವರ್ಗಕ್ಕೆ ಸೇರಿಸಿದರೆ ಪ್ರಮಾಣ ಇನ್ನೂ ಏರುತ್ತದೆ. ಆ ವರ್ಗದಲ್ಲಿ ಪರಿಗಣಿಸಿ ಎಂದು ಅರ್ಜಿಯಲ್ಲೇ ಕೇಳುವುದು ಒಳ್ಳೆಯದು.

ದೊಡ್ಡ ಆಸ್ಪತ್ರೆಗಳ ಸಿಬ್ಬಂದಿ ವಿಭಾಗಕ್ಕೆ ಇದೆಲ್ಲ ಗೊತ್ತಿರುತ್ತದೆ. ಚಿಕ್ಕ ವೃದ್ಧಾಶ್ರಮಗಳಿಗೆ, ಪೂರ್ತಿ ಹಣ ಸಿಗುವುದು ಅವರಿಗೇ ಆದರೂ, ಎಷ್ಟೋ ಸಲ ಗೊತ್ತೇ ಇರುವುದಿಲ್ಲ. ಉದ್ಯೋಗ ಕಚೇರಿಯಲ್ಲಿ ಮಾಲೀಕರಿಗೆಂದೇ ಪ್ರತ್ಯೇಕ ಸೇವಾ ವಿಭಾಗ ಇದೆ. ಆಶ್ರಮದ ಮೇಲ್ವಿಚಾರಕರಿಗೆ ಅದರ ದೂರವಾಣಿ ಸಂಖ್ಯೆ ಕೊಟ್ಟು, ಒಂದು ಕರೆ ಮಾಡಿ ಎಂದರೆ ಸಾಕು.

ಇಲ್ಲಿ ಕೆಡುವುದು ಡ್ಯೂಟಿ ಪಟ್ಟಿಯಿಂದ. ಕೋರ್ಸಿಗೆ ಮಂಜೂರಾತಿ ಸಿಕ್ಕಿರುತ್ತದೆ, ವಾರ್ಡಿನಲ್ಲಿ ಜನ ಸಾಲದೆ ರಾತ್ರಿ ಪಾಳಿ ಹಾಕಿರುತ್ತಾರೆ, ಬೆಳಿಗ್ಗೆ ತರಗತಿಯಲ್ಲಿ ಕಣ್ಣು ಎಳೆಯುತ್ತದೆ. ಹಾಜರಾತಿ ಕುಸಿದರೆ ನೆರವಿಗೂ ಕುತ್ತು. ಕೋರ್ಸಿನ ದಿನಗಳಿಗೆ ಸಂಬಳಸಹಿತ ಬಿಡುವು, ಹಿಂದಿನ ರಾತ್ರಿ ಪಾಳಿ ಇಲ್ಲ ಎಂಬ ಎರಡು ಸಾಲನ್ನು ಕೋರ್ಸು ಶುರುವಾಗುವ ಮುಂಚೆ ಬರಹದಲ್ಲಿ ಪಡೆಯಿರಿ.

ಭಾಷೆಗೆ ಬೇರೆ ನಿಧಿ

ತಯಾರಿ ಕೋರ್ಸಿನ ಹಣ ಬಿ2 ಕಲಿಸಲು ಅಲ್ಲ. ಅದಕ್ಕೆ ವಲಸೆ ಇಲಾಖೆಯ ಹಣದಲ್ಲಿ ನಡೆಯುವ ವೃತ್ತಿ ಭಾಷಾ ಕೋರ್ಸುಗಳಿವೆ. ಬಿ1ರಿಂದ ಬಿ2ಗೆ 400ರಿಂದ 500 ಪಾಠಗಳು, ಒಂದು ಪಾಠ 45 ನಿಮಿಷ. ಆರೋಗ್ಯ ವೃತ್ತಿಯವರಿಗೆಂದೇ, ಮಾನ್ಯತೆ ಪ್ರಕ್ರಿಯೆಯಲ್ಲಿರುವವರಿಗೆಂದೇ ರೂಪಿಸಿದ ಕೋರ್ಸುಗಳೂ ಇವೆ. ಊರಲ್ಲಿ ಅಂಥದ್ದು ಇದ್ದರೆ ಸಾಮಾನ್ಯ ಬಿ2 ಬಿಟ್ಟು ಅದನ್ನೇ ಹಿಡಿಯಿರಿ. ಕೆಲಸವಿಲ್ಲದವರಿಗೆ ಉಚಿತ. ತೆರಿಗೆಗೆ ಒಳಪಡುವ ವರಮಾನ ವರ್ಷಕ್ಕೆ 20,000 ಯೂರೋ ಮೀರಿದ ಉದ್ಯೋಗಿ ಶುಲ್ಕದ ಒಂದು ಪಾಲು ಕೊಡಬೇಕು, ಗಂಡ ಹೆಂಡತಿ ಒಟ್ಟಿಗೆ ತೆರಿಗೆ ಕಟ್ಟುವವರಾದರೆ ಆ ಮಿತಿ 40,000. ಆ ಪಾಲನ್ನು ಆಸ್ಪತ್ರೆ ಕೊಡಬಹುದು, ಕೊಡುವ ಆಸ್ಪತ್ರೆಗಳು ಇವೆ.

ಅನುವಾದ, ದೃಢೀಕರಣ, ಪ್ರಾಧಿಕಾರದ ಶುಲ್ಕದಂಥ ಬಿಡಿ ಖರ್ಚುಗಳಿಗೆ 2016ರಲ್ಲಿ ಶುರುವಾದ, ಒಬ್ಬರಿಗೆ 600 ಯೂರೋವರೆಗಿನ ಮಾನ್ಯತೆ ಸಹಾಯಧನ ಇದೆ. ಕಡಿಮೆ ವರಮಾನದವರಿಗೆ ಮೀಸಲು, ಅವಧಿ ಗೊತ್ತುಮಾಡಿ ನಡೆಸುವ ಯೋಜನೆ, ಹಾಗಾಗಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮೊದಲು ನೋಡಿ. ಇಲ್ಲೂ ಅನುವಾದಕರಿಗೆ ದುಡ್ಡು ಕೊಡುವ ಮುಂಚೆ ಅರ್ಜಿ. ಹ್ಯಾಂಬುರ್ಗ್ ಮತ್ತು ಬರ್ಲಿನ್ ರಾಜ್ಯಗಳು ತಮ್ಮದೇ ನಿಧಿ ಇಟ್ಟಿವೆ. ಯಾವುದಕ್ಕೆ ಯಾರು ಅರ್ಹರು ಎಂದು ಬಿಡಿಸಿ ಹೇಳಲು ಐ.ಕ್ಯೂ ಎಂಬ ಜಾಲದ ಸಲಹಾ ಕೇಂದ್ರಗಳು ಎಲ್ಲ ರಾಜ್ಯಗಳಲ್ಲಿವೆ, ಉಚಿತವಾಗಿ. ಏಜೆಂಟರ ಬಳಿ ಹೋಗುವ ಮುಂಚೆ ಅಲ್ಲಿಗೆ ಹೋಗಿ.

ಬಾಂಡು ಮತ್ತು ಏಜೆಂಟ್

ಈ ವಿಷಯದಲ್ಲಿ ನನಗೆ ಸಿಟ್ಟಿದೆ. ಸರ್ಕಾರ ಪಾಲು ಕೊಟ್ಟ ಕೋರ್ಸಿನ ಪೂರ್ತಿ ಬೆಲೆಯನ್ನು ನರ್ಸಿನ ಹೆಸರಿಗೆ ಸಾಲವೆಂದು ಬರೆದು, ಬಿಟ್ಟುಹೋದರೆ ಅಷ್ಟನ್ನೂ ಕಟ್ಟು ಎನ್ನುವ ಕರಾರುಗಳಿವೆ. ಹೆದರಿ ಸಹಿಸಿಕೊಳ್ಳುವವರಿಗೆ ಗೊತ್ತಿರಬೇಕಾದ ವಿಷಯವೆಂದರೆ, ಜರ್ಮನಿಯ ಕಾರ್ಮಿಕ ನ್ಯಾಯಾಲಯಗಳು ಇಂಥ ಷರತ್ತುಗಳನ್ನು ಕಟ್ಟುನಿಟ್ಟಾಗಿ ಅಳೆಯುತ್ತವೆ. ಒಂದು ತಿಂಗಳವರೆಗಿನ ತರಬೇತಿಗೆ ಆರು ತಿಂಗಳು, ಎರಡು ತಿಂಗಳಿಗೆ ಒಂದು ವರ್ಷ, ಮೂರು ನಾಲ್ಕು ತಿಂಗಳಿಗೆ ಎರಡು ವರ್ಷ, ಆರು ತಿಂಗಳಿಂದ ಒಂದು ವರ್ಷದವರೆಗಿನ ತರಬೇತಿಗೆ ಮೂರು ವರ್ಷ: ಕಟ್ಟಿಹಾಕುವ ಅವಧಿಗೆ ಇದು ಅವು ಇಟ್ಟುಕೊಂಡಿರುವ ಸ್ಥೂಲ ಅಳತೆ. ನೀವು ದುಡಿದ ಒಂದೊಂದು ತಿಂಗಳಿಗೂ ಮೊತ್ತ ಇಳಿಯುತ್ತಾ ಬರಬೇಕು. ಯಾವ ಖರ್ಚು, ಎಷ್ಟು ಎಂದು ಕರಾರಿನಲ್ಲಿ ಬಿಡಿಸಿ ಬರೆದಿರಬೇಕು. ಆಸ್ಪತ್ರೆಯ ತಪ್ಪಿನಿಂದ ನೀವು ಬಿಡಬೇಕಾಗಿ ಬಂದರೂ ಕಟ್ಟಬೇಕು ಎಂಬಂಥ ಷರತ್ತು ನಿಲ್ಲುವುದಿಲ್ಲ. ಕರಾರು ತೋರಿಸಿ ಕೇಳಲು ‘ಫೇರ್ ಇಂಟೆಗ್ರಾತ್ಸಿಯೋನ್’ ಎಂಬ ಉಚಿತ ಸಲಹಾ ಕೇಂದ್ರಗಳಿವೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದ ಕೆಲಸಗಾರರ ಹಕ್ಕಿಗೆಂದೇ ಅವು ಇರುವುದು.

ಊರಿನ ಕಡೆಯ ಲೆಕ್ಕವೂ ಸ್ಪಷ್ಟವಿದೆ. ಭಾರತದ ವಲಸೆ ನಿಯಮಗಳ ಪ್ರಕಾರ ನೋಂದಾಯಿತ ನೇಮಕಾತಿ ಏಜೆಂಟ್ ಅಭ್ಯರ್ಥಿಯಿಂದ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. ನೋಂದಣಿ ಇದೆಯೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಜರ್ಮನಿಯಲ್ಲಿ ನ್ಯಾಯಯುತ ನೇಮಕಾತಿಯ ಸರ್ಕಾರಿ ಮುದ್ರೆ ಪಡೆದ ಸಂಸ್ಥೆಗಳು ನರ್ಸಿನಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ, ಖರ್ಚೆಲ್ಲ ಉದ್ಯೋಗದಾತರದು. ಕೇರಳದಲ್ಲಿ ರಾಜ್ಯದ ನೋರ್ಕಾ ಸಂಸ್ಥೆ ಜರ್ಮನಿಯ ಉದ್ಯೋಗ ಇಲಾಖೆಯ ಜೊತೆ ‘ಟ್ರಿಪಲ್ ವಿನ್’ ಎಂಬ ನರ್ಸ್ ನೇಮಕಾತಿ ಯೋಜನೆ ನಡೆಸುತ್ತಿದೆ. ನಮ್ಮಲ್ಲಿ ಕೌಶಲ್ಯಾಭಿವೃದ್ಧಿ ಇಲಾಖೆಯ ಅಡಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಖಾಸಗಿಯವರಿಗೆ ಲಕ್ಷಗಟ್ಟಲೆ ಕೊಡುವ ಮುಂಚೆ ಅಲ್ಲಿ ಒಮ್ಮೆ ವಿಚಾರಿಸುವುದು ಮೇಲು.

ವೈದ್ಯರ ವಿಷಯ ಎರಡೇ ಮಾತು. ಎಂಬಿಬಿಎಸ್ ಮುಗಿಸಿ ಹೋದವರಿಗೆ ಎರಡು ಪರೀಕ್ಷೆ: ವೈದ್ಯಕೀಯ ಜರ್ಮನ್ ಅಳೆಯುವ, 20 ನಿಮಿಷದ ಮೂರು ಭಾಗಗಳ ಭಾಷಾ ಪರೀಕ್ಷೆ, ಮತ್ತು 60ರಿಂದ 90 ನಿಮಿಷದ ಜ್ಞಾನ ಪರೀಕ್ಷೆ. ಎರಡನೆಯದನ್ನು ಎರಡು ಸಲ ಮತ್ತೆ ಕೊಡಬಹುದು. ತರಬೇತಿ ಚೀಟಿ, ವೃತ್ತಿ ಭಾಷಾ ಕೋರ್ಸು ಎರಡೂ ವೈದ್ಯರಿಗೂ ತೆರೆದಿವೆ, ಹೆಜ್ಜೆಗಳೂ ಇವೇ.

ನಪಾಸಾದರೆ, ವೀಸಾ ಮುಗಿದರೆ

ಒಂದು ಸಲ ತಪ್ಪಿದವರು ಮತ್ತೆ ತಯಾರಿ ಮಾಡಲು ಹಳೆಯ ಚೀಟಿ ನಡೆಯುವುದಿಲ್ಲ. ಹೊಸ ಅರ್ಜಿ, ಹೊಸ ಭೇಟಿ. ಪರೀಕ್ಷಕರು ಎಲ್ಲಿ ಕೊರತೆ ಕಂಡರು ಎಂಬ ಟಿಪ್ಪಣಿ ಕೇಳಿ ಪಡೆದು ಅರ್ಜಿಗೆ ಲಗತ್ತಿಸಿ. ಬರೀ ಪ್ರಾಯೋಗಿಕ ಭಾಗ ಹೋಗಿದ್ದರೆ ಪೂರ್ತಿ ಕೋರ್ಸು ಕೇಳುವುದಕ್ಕಿಂತ ವಾರ್ಡ್ ಅಭ್ಯಾಸದ ಚಿಕ್ಕ ಕೋರ್ಸು ಕೇಳಿದರೆ ಮಂಜೂರಾಗುವ ಸಾಧ್ಯತೆ ಹೆಚ್ಚು.

ಮಾನ್ಯತೆಗೆಂದೇ ಕೊಡುವ ವಾಸದ ಪರವಾನಗಿ 24 ತಿಂಗಳದ್ದು, ಇನ್ನೂ 12 ತಿಂಗಳು ವಿಸ್ತರಿಸಬಹುದು. ಪರೀಕ್ಷೆಗೆ ಕಾಯುವವರ ಸಾಲು ಉದ್ದ ಇರುವ ಊರುಗಳಲ್ಲಿ ಮರುಪರೀಕ್ಷೆಯ ದಿನ ಪರವಾನಗಿ ಮುಗಿದ ಮೇಲೆ ಬೀಳಬಹುದು. ಕೋರ್ಸಿಗೆ ಸೇರುವಾಗಲೇ ಕೊನೆಯಿಂದ ಹಿಂದಕ್ಕೆ ಎಣಿಸಿ: ಪರವಾನಗಿಯ ಕೊನೆಯ ದಿನ, ಅದಕ್ಕೆ ಮುಂಚೆ ಮರುಪರೀಕ್ಷೆಗೆ ಜಾಗ, ಅದಕ್ಕೆ ಮುಂಚೆ ಮೊದಲ ಪರೀಕ್ಷೆ, ಅದಕ್ಕೆ ಮುಂಚೆ ಕೋರ್ಸು, ಎಲ್ಲಕ್ಕೂ ಮುಂಚೆ ಚೀಟಿ. ಈ ಎಣಿಕೆಯಲ್ಲಿ ಜಾಗ ಸಾಲದಿದ್ದರೆ ಪರವಾನಗಿ ವಿಸ್ತರಣೆಗೆ ಈಗಲೇ ಅರ್ಜಿ ಹಾಕಬೇಕು.

ಇಷ್ಟೆಲ್ಲ ಆಗಿಯೂ ಕೈಯಿಂದ ಖರ್ಚಾದದ್ದಿದ್ದರೆ, ಅನುವಾದ, ಶುಲ್ಕ, ಪುಸ್ತಕ, ಪರೀಕ್ಷೆಗೆ ಹೋದ ರೈಲಿನ ಟಿಕೆಟ್, ಅವನ್ನು ಆ ವರ್ಷದ ತೆರಿಗೆ ವಿವರಪಟ್ಟಿಯಲ್ಲಿ ವೃತ್ತಿ ಖರ್ಚು ಎಂದು ತೋರಿಸಬಹುದು. ಉದ್ಯೋಗಿಗಳಿಗೆ 1,230 ಯೂರೋ ತಾನಾಗಿಯೇ ಕಳೆಯುತ್ತಾರೆ, ಅದಕ್ಕಿಂತ ಮೇಲಿನದಕ್ಕೆ ಮಾತ್ರ ಲಾಭ. ಸರ್ಕಾರವೋ ಆಸ್ಪತ್ರೆಯೋ ಕೊಟ್ಟ ಭಾಗವನ್ನು ಸೇರಿಸುವಂತಿಲ್ಲ. ವಿವರಪಟ್ಟಿ ಸಲ್ಲಿಸುವುದು ಕಡ್ಡಾಯವಲ್ಲದವರು ಸ್ವಇಚ್ಛೆಯಿಂದ ನಾಲ್ಕು ವರ್ಷ ಹಿಂದಿನವರೆಗೂ ಸಲ್ಲಿಸಬಹುದು. ಹಾಗಾಗಿ ಹಳೆಯ ರಸೀದಿಗಳನ್ನು ಎಸೆಯಬೇಡಿ.